ಬೋಗುಣಿ ದಾಟಿದ ಭೋಗಿ ಪಲ್ಯ

ಮದುವೆಯಾದ ವರ್ಷ, ಸಂಕ್ರಾಂತಿಯ ಹಿಂದಿನ ದಿನ ಭೋಗಿ ಹಬ್ಬಕ್ಕೆಂದು ನನ್ನ ಅತ್ತೆ ಖಾನಾಪುರದಿಂದ ಬೆಳಗಿನ ಬಸ್ಸಿಗೇ ಬಂದಿಳಿದರು. ಚೀಲದಲ್ಲಿ ಬದನೆಕಾಯಿ, ಗಜ್ಜರಿ, ಅವರೆಕಾಯಿ. ಬಗಲಲ್ಲಿ ಬೇರುಸಮೇತ ಕಿತ್ತ ಹಸಿ ಕಡಲೆ ಗಿಡ. ಹಿಂದವಾಡಿಯ ನಮ್ಮ ಬಾಡಿಗೆ ಮನೆಯಲ್ಲಿ ನನ್ನ ಅವ್ವ ಆಗಲೇ ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ನಿಂತಿದ್ದಳು. ಸಜ್ಜೆ ರೊಟ್ಟಿ ಯಾರಾದರೂ ಬಡಿಯಲಿ, ಭೋಗಿ ಪಲ್ಯ ಮಾತ್ರ ತನ್ನ ಕೈಯಿಂದಲೇ ಆಗಬೇಕು ಎನ್ನುವವರು ಇಬ್ಬರೂ.

"ನೀವು ಕುಂದರ್ರಿ ಬೀಗತ್ಯಾರ, ಬಸ್ಸಿನ್ಯಾಗ ಬಂದು ದಣದೀರಿ," ಎಂದಳು ಅವ್ವ.

"ಬಸ್ಸಿನ್ಯಾಗ ಕುಂತು ಕುಂತs ಬಂದೇನ್ರಿ. ಈಗ ನೀವು ಕುಂದರ್ರಿ," ಎಂದರು ಅತ್ತೆ.

ಇಬ್ಬರೂ ಕೂರಲಿಲ್ಲ. ಅವ್ವ ಒಗ್ಗರಣೆ ಕೊಟ್ಟು, ತರಕಾರಿ ಸುರಿದು, ಖಾರ, ಉಪ್ಪು, ಎಳ್ಳಿನ ಪುಡಿ ಹಾಕಿ, ಕೊತ್ತಂಬರಿ ತೊಳೆಯಲು ಹಿತ್ತಲಿಗೆ ಹೋದಳು. ಅಷ್ಟರಲ್ಲಿ ಅತ್ತೆ ತಮ್ಮೂರಿನ ಖಾರದ ಡಬ್ಬಿ ತೆಗೆದು, ಮತ್ತೊಮ್ಮೆ ಎಲ್ಲವನ್ನೂ ಹಾಕಿಬಿಟ್ಟರು. ಹೊಸ ಸೊಸೆ ನಾನು; ನೋಡುತ್ತಾ ನಿಂತೆ.

ರುಚಿ ನೋಡಲು ಕರೆದದ್ದು ನನ್ನ ಗಂಡನನ್ನು. ಒಂದು ತುತ್ತು ಬಾಯಿಗಿಟ್ಟವನಿಗೆ ಬಿಕ್ಕಳಿಕೆ ಹತ್ತಿತು. "ಚಲೋ... ಹಿಕ್... ಚಲೋ ಆಗೇತಿ..." ಎನ್ನುತ್ತಾ ನೀರಿನ ಕೊಡದ ಕಡೆ ಓಡಿದ. ಅವ್ವ ಅತ್ತೆಯ ಮುಖ ನೋಡಿದಳು. ಅತ್ತೆ ಡಬ್ಬಿಯನ್ನು ಸೆರಗಿನೊಳಗೆ ಸರಿಸಿದರು. ನನಗೆ ನಗು ತಡೆಯಲಾಗಲಿಲ್ಲ. ನಾನು ನಕ್ಕದ್ದೇ ತಡ, ಅವರಿಬ್ಬರಿಗೂ ನಗು ಉಕ್ಕಿ ಬಂತು.

"ಒಂದೀಟು ಮೊಸರು ಹಾಕೂಣೇನ್ರಿ?" ಎಂದೆ.

"ಛೀ! ಭೋಗಿ ಪಲ್ಯಾಕ ಹೊಲದಾಗ ಬೆಳದದ್ದs ಬೀಳಬೇಕು," ಎಂದರು ಇಬ್ಬರೂ ಒಂದೇ ದನಿಯಲ್ಲಿ. ಆ ದಿನ ಅವರು ಒಪ್ಪಿದ ಮೊದಲ ಮಾತು ಅದು.

ಖಾರ ಇಳಿಸಲು ಅವ್ವ ಬಟಾಟೆ ಹೆಚ್ಚಿದಳು. ಬೋಗುಣಿ ತುಂಬಿತು. ಬಾಜು ಮನೆಯಿಂದ ದೊಡ್ಡ ಪಾತ್ರೆ ತಂದೆ. ಅತ್ತೆ ಶೇಂಗಾ ಪುಡಿ ಸುರಿದರು, ಪಲ್ಯ ಗಟ್ಟಿಯಾಯಿತು. ಅವ್ವ ನೀರು ಹೊಯ್ದಳು, ತೆಳ್ಳಗಾಯಿತು. ಮತ್ತೆ ಗಜ್ಜರಿ, ಮತ್ತೆ ಅವರೆ. ಕೊನೆಗೆ ಅತ್ತೆ ಚೀಲದ ತಳದಿಂದ ಒಂದು ಮುಷ್ಟಿ ಬೋರೆಹಣ್ಣು ತೆಗೆದರು.

"ಪಲ್ಯಾದಾಗ ಬಾರಿಹಣ್ಣs?" ಅವ್ವ ಬಾಯಿ ಮೇಲೆ ಕೈಯಿಟ್ಟಳು.

"ನಮ್ಮ ಕಡೆ ಹಾಕ್ತೀವ್ರಿ. ಖರೇ ಹೇಳ್ತೀನಿ, ಒಮ್ಮೆ ತಿಂದು ನೋಡ್ರಿ."

ಹುಳಿಸಿಹಿ ಇಳಿದಾಗ ಖಾರ ತಾನೇ ಸೋತು ಹಿಂದೆ ಸರಿಯಿತು. ಅವ್ವ ಮೊದಲು ಚಮಚದ ತುದಿಯಿಂದ, ಆಮೇಲೆ ವಾಟಿಯಲ್ಲಿ ಹಾಕಿಕೊಂಡು ತಿಂದಳು. "ಮುಂದಿನ ವರ್ಷ ಇನ್ನೊಂದೀಟು ಹೆಚ್ಚು ತರ್ರಿ," ಎಂದಳು.

ಪಲ್ಯ ಈಗ ಇಡೀ ಓಣಿಗೆ ಸಾಲುವಷ್ಟಿತ್ತು. ಗಂಡ ಡಬ್ಬಿ ಹೊತ್ತು ಮನೆಮನೆಗೆ ಹಂಚಿ ಬಂದ. ಬಿಕ್ಕಳಿಕೆ ಇನ್ನೂ ನಿಂತಿರಲಿಲ್ಲ. ಎಳ್ಳು ಹಚ್ಚಿದ ರೊಟ್ಟಿ ಮುರಿದುಕೊಂಡು ನಾವು ಹೆಂಗಸರು ಮೂವರು ಮಾಳಿಗೆಯ ಬಿಸಿಲಲ್ಲಿ ಉಂಡೆವು. ಉಂಡ ಮೇಲೆ ಅತ್ತೆ ಬೋರೆ ಬೀಜವನ್ನು ಫೂ ಎಂದು ಹಿತ್ತಲಿನ ಪೇರಲ ಗಿಡದತ್ತ ಉಗುಳಿದರು. ಅವ್ವ ಸುತ್ತ ಯಾರಾದರೂ ನೋಡುತ್ತಿದ್ದಾರಾ ಎಂದು ಕಣ್ಣಾಡಿಸಿ, ಎದ್ದು ನಿಂತು, ಅದಕ್ಕಿಂತ ದೂರ ಉಗುಳಿದಳು. ನಾನು ನಗುವ ಭರದಲ್ಲಿ ಬಾಯೊಳಗಿದ್ದ ಬೀಜ ನುಂಗಿಬಿಟ್ಟೆ.