ಜೋಡಿಯಕ್ಕ ಹುಡುಕಿದ ಕೊನೆಯ ಮುಖ್ಯಸ್ಥ

ಹೊತ್ತು ಮೂಡುವ ಮುಂಚೆ ಆಂಬುಲೆನ್ಸ್ ಡಿಪೋದ ಎದುರು ನಿಂತು ಚಳಿಗೆ ಹಲ್ಲು ಕಟಕಟಿಸುವುದು ಪತ್ರಿಕೆಗೆ ಬರೆಯಲು ಬಂದಿರುವ ನನಗಂತೂ ಇಷ್ಟದ ಕೆಲಸವಲ್ಲ. ಪಕ್ಕದಲ್ಲಿರುವ ಜೋಡಿಯಕ್ಕನಿಗೆ ಚಳಿಯ ಪರಿವೆಯೇ ಇಲ್ಲ. ಅವರ ಕೈಯಲ್ಲಿರುವ ಕಾಗದದ ಲೋಟದ ಚಹಾ ಆರಿ ಎಷ್ಟೋ ಹೊತ್ತಾಗಿದೆ. ಕಣ್ಣು ಮಾತ್ರ ಗೇಟಿನೊಳಗೆ ಸ್ಟ್ರೆಚರಿನ ಚಕ್ರ ಒರೆಸುತ್ತಿರುವ ಒಬ್ಬ ಡ್ರೈವರ್ ಮೇಲೆ ನೆಟ್ಟಿದೆ. ಹೋಗಿ ಮಾತಾಡಿಸಬಾರದೇ ಎಂದರೆ, ಮೊದಲು ನೋಡಬೇಕು ಎನ್ನುತ್ತಾರೆ.

ನೋಡುವುದೇ ಅವರ ಕೆಲಸ. ಈ ನಗರದ ಕೆಡೆಟ್ ಸಂಸ್ಥೆಯ ದಳಗಳಲ್ಲಿ ಮಕ್ಕಳು ಪ್ರತಿ ಭಾನುವಾರ ಸಮವಸ್ತ್ರ ತೊಟ್ಟು ಕವಾಯತು, ನಕ್ಷೆ ಓದುವುದು, ಡೇರೆ ಕಟ್ಟುವುದು, ಪ್ರಥಮ ಚಿಕಿತ್ಸೆ ಕಲಿಯುತ್ತಾರೆ. ಕಲಿಸುವವರು, ಮುಂದೆ ನಿಂತು ನಡೆಸುವವರು ಎಲ್ಲರೂ ಬೇರೆ ಬೇರೆ ವೃತ್ತಿಯ ಸ್ವಯಂಸೇವಕರು. ಯಾರಿಗೆ ಯಾವ ಹೊಣೆ ಹೊಂದುತ್ತದೆಂದು ಗೊತ್ತುಮಾಡುವವರು ಜೋಡಿಯಕ್ಕ. ಆ ಹೆಸರಿಟ್ಟವರು ಮಕ್ಕಳೇ. ಇದಕ್ಕೆ ಸಂಬಳವಿಲ್ಲ. ಹೊಟ್ಟೆಪಾಡಿಗೆ ಆಸ್ಪತ್ರೆಯ ಲಾಂಡ್ರಿ ಇದೆ. ಮಧ್ಯಾಹ್ನದಿಂದ ಹಬೆಯಲ್ಲಿ ನಿಂತು ಹಾಸಿಗೆ ಬಟ್ಟೆ ವಿಂಗಡಿಸಿ ಅವರ ಬೆರಳ ತುದಿಯ ಚರ್ಮ ಸುಲಿದುಹೋಗಿದೆ.

ಮನೆಯಲ್ಲಿ ಜೊತೆಗಿರುವವಳು ತಂಗಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು, ಎತ್ತರ ಬೆಳೆದುಬಿಟ್ಟ ಮಕ್ಕಳ ಸಮವಸ್ತ್ರದ ಅಂಚು ಬಿಚ್ಚಿ ಉದ್ದ ಮಾಡಿಕೊಡುತ್ತಾಳೆ. "ಊರಿಗೆಲ್ಲ ಕೆಲಸ ಹಂಚ್ತಾಳೆ, ನಮ್ಮ ಸೋರೋ ನಲ್ಲಿಗೆ ಮಾತ್ರ ಇವಳಿಗೆ ಒಬ್ಬ ಸಿಕ್ಕಿಲ್ಲ" ಎಂದು ಅಕ್ಕನ ಎದುರೇ ಚುಚ್ಚುತ್ತಾಳೆ. ಅಕ್ಕ ನಗುತ್ತಾರೆ. ನಲ್ಲಿ ತೊಟ್ಟಿಕ್ಕುತ್ತಲೇ ಇದೆ.

ಸ್ವಯಂಸೇವಕರಾಗುತ್ತೇವೆಂದು ಬಂದವರನ್ನು ಜೋಡಿಯಕ್ಕ ಕೂರಿಸಿಕೊಂಡು ಪ್ರಶ್ನೆ ಕೇಳುವುದಿಲ್ಲ. ಅವರು ದುಡಿಯುವ ಜಾಗಕ್ಕೆ ಹೋಗಿ, ಒಂದು ಮೂಲೆಯಲ್ಲಿ ನಿಂತು ನೋಡುತ್ತಾರೆ. ಲಿಫ್ಟ್ ರಿಪೇರಿ ಮಾಡುವವನೊಬ್ಬ ತಾನೇ ಬಿಗಿದ ಬೋಲ್ಟನ್ನು ಮತ್ತೆ ಮತ್ತೆ ಎಳೆದು ನೋಡುವುದನ್ನು ಕಂಡು ಅವನಿಗೆ ಶಿಬಿರದ ಸುರಕ್ಷತೆ ಒಪ್ಪಿಸಿದರು. ಹಲ್ಲಿನ ಡಾಕ್ಟರಮ್ಮನಿಗೆ ಸಿಕ್ಕಿದ್ದು ಹೊಸದಾಗಿ ಸೇರುವ ಚಿಕ್ಕ ಮಕ್ಕಳ ಗುಂಪು. "ನೋವಾಗುತ್ತೆ ಅಂತ ಮೊದಲೇ ಹೇಳಿ ಆಮೇಲೆ ಬಾಯಿಗೆ ಕೈ ಹಾಕ್ತಾರೆ. ಹೊಸ ಮಕ್ಕಳಿಗೆ ಅಂಥವರು ಬೇಕು," ಎನ್ನುತ್ತಾರೆ. ಮಕ್ಕಳನ್ನೊಂದು ಬಿಟ್ಟು ಏನಾದರೂ ಕೊಡಿ ತಾಯಿ ಎಂದು ಕೈಮುಗಿದ ಹೆಡ್‌ಮಾಸ್ಟರರಿಗೆ ಡೇರೆಗಳ ಉಗ್ರಾಣದ ಬೀಗದಕೈ. ಅವರಷ್ಟು ಖುಷಿಯ ಮನುಷ್ಯ ಸಂಸ್ಥೆಯಲ್ಲೇ ಇಲ್ಲವಂತೆ.

"ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ, ನಮ್ಮಲ್ಲಿ ಅದು ನಡೆಯಲ್ಲ. ಒಂದು ಜೋಡಿ ತಪ್ಪಿದ್ರೆ ಮಕ್ಕಳು ಬರೋದೇ ಬಿಟ್ಟುಬಿಡ್ತಾರೆ," ಎನ್ನುವ ಈ ಹೆಂಗಸು ಒಂದು ಜೋಡಿಯನ್ನು ತಪ್ಪಾಗಿ ಕೂಡಿಸಿದ್ದಾರೆ. ಆ ತಪ್ಪೇ ಈಗ ಗೇಟಿನೊಳಗೆ ಚಕ್ರ ಒರೆಸುತ್ತಿದೆ.

ಎರಡು ವರ್ಷದ ಹಿಂದೆ ಈ ಡ್ರೈವರ್ ಸ್ವಯಂಸೇವಕನಾಗಿ ಬಂದಾಗ ಜೋಡಿಯಕ್ಕ ಅವನ ಕೆಲಸ ನೋಡಲು ಹೋಗಲೇ ಇಲ್ಲ. ಆಂಬುಲೆನ್ಸಿನವನಿಗೆ ಪ್ರಥಮ ಚಿಕಿತ್ಸೆಯ ಪಾಠ. ಇದರಲ್ಲಿ ನೋಡುವುದೇನಿದೆ ಎಂದುಕೊಂಡರು. ಮೊದಲ ಪಾಠದ ದಿನ ಒಬ್ಬ ಹುಡುಗಿ ಗಾಯಾಳುವಿನಂತೆ ನೆಲದ ಮೇಲೆ ಕಣ್ಣುಮುಚ್ಚಿ ಮಲಗಿದಳು. ಅವನು ಅವಳ ಪಕ್ಕ ಮಂಡಿಯೂರಿದ, ಬ್ಯಾಂಡೇಜು ಕೈಗೆತ್ತಿಕೊಂಡ, ಹಾಗೇ ಕೂತುಬಿಟ್ಟ. ಆಮೇಲೆ ಎದ್ದು ಮೈದಾನ ದಾಟಿ ಹೋದವನು ತಿರುಗಿ ಬರಲಿಲ್ಲ. "ವಾರವಿಡೀ ಮಲಗಿರೋ ಮಕ್ಕಳನ್ನ ಹೊತ್ತು ಹೊತ್ತು ಸಾಕಾಗಿ, ಎದ್ದು ನಿಂತಿರೋ ಮಕ್ಕಳನ್ನ ನೋಡೋಕೆ ಬಂದಿದ್ದ ಅವನು. ನಾನು ಅಲ್ಲೂ ಒಂದು ಮಗೂನ ಮಲಗಿಸಿ ತೋರಿಸಿದೆ." ಇದನ್ನು ಹೇಳುವಾಗ ಜೋಡಿಯಕ್ಕ ನನ್ನ ಮುಖ ನೋಡುವುದಿಲ್ಲ.

ಈಗ ಅವನೇ ಬೇಕಾಗಿದ್ದಾನೆ. ಜೋಡಿಯಕ್ಕನ ಓಣಿಯ ಮಕ್ಕಳೇ ಇರುವ ದಳದ ಮುಖ್ಯಸ್ಥ, ಒಬ್ಬ ಕ್ರೇನ್ ಆಪರೇಟರ್, ಮೂರು ತಿಂಗಳ ಹಿಂದೆ ತೀರಿಕೊಂಡರು. ಮೂರು ತಿಂಗಳೊಳಗೆ ಹೊಸ ಮುಖ್ಯಸ್ಥ ಸಿಗದಿದ್ದರೆ ದಳ ಮುಚ್ಚಬೇಕೆಂಬುದು ಸಂಸ್ಥೆಯ ನಿಯಮ. ಬರುವ ಭಾನುವಾರವೇ ಗಡುವು. ಲಿಫ್ಟಿನವನು, ಡಾಕ್ಟರಮ್ಮ, ಹೆಡ್‌ಮಾಸ್ಟರರು ಎಲ್ಲರೂ ಒಲ್ಲೆ ಎಂದಾಗಿದೆ. ನೀವೇ ಆಗಬಾರದೇ ಎಂದು ಕೇಳುತ್ತೇನೆ. ಹುಡುಕುವವರು ಆ ಹುದ್ದೆ ಹಿಡಿಯುವಂತಿಲ್ಲವಂತೆ. ಇಲ್ಲದಿದ್ದರೆ ಎಲ್ಲರೂ ತಮ್ಮನ್ನೇ ಹುಡುಕಿಕೊಂಡಾರು.

ಹೋದ ತಿಂಗಳು ಒಂದು ಅಪಘಾತದ ಜಾಗದಲ್ಲಿ ಜೋಡಿಯಕ್ಕ ಈ ಡ್ರೈವರನ್ನು ನೋಡಿದರು. ಜನ ಅರಚಾಡುತ್ತಿದ್ದರು. ಇವನು ಕೈಯೆತ್ತಿ ಮೆಲ್ಲಗೆ ಏನೋ ಅಂದ. ಅಷ್ಟಕ್ಕೇ ಜನ ಹಿಂದೆ ಸರಿದು ದಾರಿ ಬಿಟ್ಟರು. "ಅವನು ಕೂಗಲ್ಲ. ಆದ್ರೂ ಎಲ್ಲರೂ ಕೇಳ್ತಾರೆ. ಮುಖ್ಯಸ್ಥ ಅಂದ್ರೆ ಇನ್ನೇನು?"

ಅಂದಿನಿಂದ ದಿನಾ ಬೆಳಿಗ್ಗೆ ಇಲ್ಲಿಗೆ ಬಂದು, ನೋಡಿ, ಮಾತಾಡಲು ಬಾಯಿ ಬಾರದೆ ವಾಪಸು ಹೋಗಿದ್ದಾರೆ. ಇವತ್ತು ರಸ್ತೆ ದಾಟುತ್ತಾರೆ. ನಾನೂ ಹಿಂದೆ ಹೋಗುತ್ತೇನೆ. ದಳದ ಸ್ಥಿತಿ ಹೇಳುತ್ತಾರೆ, ಭಾನುವಾರದ ಗಡುವು ಹೇಳುತ್ತಾರೆ. ಕೊನೆಗೆ, "ಪಾಠ ಬೇಡ ತಮ್ಮಾ. ಮುಂದೆ ನಿಂತ್ಕೋ, ಸಾಕು," ಎನ್ನುತ್ತಾರೆ.

ಅವನು ಒರೆಸುವ ಬಟ್ಟೆಯನ್ನು ಮಡಚುತ್ತಲೇ ಇರುತ್ತಾನೆ. "ಭಾನುವಾರ ಡ್ಯೂಟಿ ಇದೆ ಅಕ್ಕ" ಎಂದು ಹೇಳಿ ಆಂಬುಲೆನ್ಸಿನ ಹಿಂಬಾಗಿಲು ಮುಚ್ಚುತ್ತಾನೆ.

ಭಾನುವಾರ. ಶಾಲೆಯೊಂದರ ಹಿಂದಿನ ಮೈದಾನದಲ್ಲಿ ಇಪ್ಪತ್ತು ಚಿಲ್ಲರೆ ಮಕ್ಕಳು ‘ಸಾವಧಾನ್’ ಭಂಗಿಯಲ್ಲಿ ನೆಟ್ಟಗೆ ನಿಂತಿದ್ದಾರೆ. ಒಂದು ಕಾಲಕ್ಕೆ ಅರವತ್ತಿದ್ದ ದಳ. ಜೋಡಿಯಕ್ಕ ಮತ್ತೆ ಮತ್ತೆ ಗೇಟಿನ ಕಡೆ ನೋಡುತ್ತಾರೆ. ಕೇಂದ್ರ ಕಚೇರಿಯ ಅಧಿಕಾರಿಯೊಬ್ಬರು ಕಾರಿನಿಂದಿಳಿದು, ಎರಡು ನಿಮಿಷ ಕಾದು, ದಳ ಇಂದಿಗೆ ಮುಗಿಯಿತೆಂದೂ ಇಷ್ಟವಿದ್ದವರು ಸೇತುವೆಯಾಚೆಯ ದಳಕ್ಕೆ ಸೇರಬಹುದೆಂದೂ ಆದೇಶ ಓದುತ್ತಾರೆ. ಅಷ್ಟು ದೂರ ಯಾವ ತಾಯಿಯೂ ಕಳಿಸುವುದಿಲ್ಲ. ಬಾವುಟ ಇಳಿಸಿ, ಮಡಚಿ, ಕಾರಿನ ಹಿಂದಿನ ಸೀಟಿನಲ್ಲಿಟ್ಟು ಹೊರಟೇಬಿಡುತ್ತಾರೆ. ಕಚೇರಿಯ ಮನುಷ್ಯ, ಪರೇಡ್ ಬಿಡಿಸಬೇಕೆಂಬುದೇ ಅವರಿಗೆ ಗೊತ್ತಿಲ್ಲ.

ಮಕ್ಕಳು ನಿಂತೇ ಇದ್ದಾರೆ. ಮುಖ್ಯಸ್ಥರ ಅಪ್ಪಣೆಯಿಲ್ಲದೆ ಸಾಲು ಮುರಿಯಬಾರದೆಂದು ತೀರಿಕೊಂಡವರು ಕಲಿಸಿಹೋಗಿದ್ದಾರೆ. ಜೋಡಿಯಕ್ಕನಿಗೆ ಆ ಅಪ್ಪಣೆ ಕೊಡುವ ಹಕ್ಕಿಲ್ಲ. ಒಂದು ಹುಡುಗಿಯ ಕೆನ್ನೆಯ ಮೇಲೆ ನೀರು ಇಳಿಯುತ್ತಿದೆ, ಒರೆಸಿಕೊಳ್ಳಲೂ ಅವಳು ಕೈ ಎತ್ತುವುದಿಲ್ಲ. ನನಗೆ ಅಲ್ಲಿ ನಿಲ್ಲಲಾಗುವುದಿಲ್ಲ, ಹೊರಡಲೂ ಆಗುವುದಿಲ್ಲ.

ಆಗ ಗೇಟಿನ ಹತ್ತಿರ ಆಂಬುಲೆನ್ಸ್ ಬಂದು ನಿಲ್ಲುತ್ತದೆ. ಡ್ರೈವರ್ ಓಡುತ್ತಾ ಬರುತ್ತಾನೆ. ಡ್ಯೂಟಿಯನ್ನು ಬೇರೆಯವನಿಗೆ ಒಪ್ಪಿಸಿ ಹೊರಡುವಷ್ಟರಲ್ಲಿ ಒಂದು ಕರೆ ಬಂತಂತೆ, ಬಿಟ್ಟು ಬರಲಾಗಲಿಲ್ಲವಂತೆ. ಖಾಲಿ ಕಂಬ ನೋಡಿದವನಿಗೆ ಯಾರೂ ಏನೂ ಹೇಳಬೇಕಾಗುವುದಿಲ್ಲ. ಜೋಡಿಯಕ್ಕ ಇಷ್ಟೇ ಹೇಳುತ್ತಾರೆ: "ಇವರನ್ನ ಮನೆಗೆ ಕಳಿಸೋರು ಯಾರೂ ಇಲ್ಲ ತಮ್ಮಾ."

ಅವನು ಸಾಲಿನ ಮುಂದೆ ಹೋಗಿ ನಿಲ್ಲುತ್ತಾನೆ. ಈ ತುದಿಯಿಂದ ಆ ತುದಿಯವರೆಗೆ ಒಂದೊಂದೇ ಮುಖ ನೋಡುತ್ತಾನೆ. ಅವಸರವಿಲ್ಲ. ಆಮೇಲೆ ಮನೆಯವರ ಜೊತೆ ಮಾತಾಡುವಷ್ಟೇ ದನಿಯಲ್ಲಿ, "ವಿಶ್ರಾಮ್," ಎನ್ನುತ್ತಾನೆ. "ಚೆನ್ನಾಗಿ ನಿಂತಿದ್ರಿ. ಇನ್ನು ಹೊರಡಿ."

ಕೊನೆಯ ಸಾಲಿನ ಕಾಲುಗಳೂ ಒಟ್ಟಿಗೇ ಸಡಿಲುತ್ತವೆ. ಮಕ್ಕಳು ಗೇಟಿನತ್ತ ನಡೆಯುತ್ತಾರೆ.

ಜೋಡಿಯಕ್ಕನಿಗೆ ಲಾಂಡ್ರಿಗೆ ಹೊತ್ತಾಗಿದೆ. ಬಸ್ ನಿಲ್ದಾಣದವರೆಗೂ ನಾನೂ ಹೋಗುತ್ತೇನೆ. ಬಸ್ಸು ಬಂದಾಗ ಮೆಟ್ಟಿಲ ಮೇಲೆ ಕಾಲಿಟ್ಟು, ತಿರುಗಿ ನನ್ನನ್ನು ನೋಡುತ್ತಾರೆ.

"ಕೂಗಲಿಲ್ಲ, ಗಮನಿಸಿದ್ರಾ? ಆದ್ರೂ ಹಿಂದಿನ ಸಾಲಿಗೂ ಕೇಳಿಸ್ತು."