ಚೆಂಡು ನೋಡದ ಕೆಳಮನೆ ಅಮ್ಮ

ಕೆಳಮನೆ ಅಮ್ಮನ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಹುಣಸೆಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಹೆಬ್ಬಾಳದ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಇಪ್ಪತ್ತೇಳು ವರ್ಷ ಉಕ್ಕಿನ ಬಿಡಿಭಾಗಗಳ ಅಂಚಿನ ಮೇಲೆ ಆ ಬೆರಳನ್ನು ಆಡಿಸಿ ಆಡಿಸಿ ಹಾಗಾಗಿತ್ತು. ಕಣ್ಣಿಗೆ ಕಾಣದ ಮುಳ್ಳು ಬೆರಳಿಗೆ ಸಿಗುತ್ತದೆ ಎನ್ನುತ್ತಿದ್ದರು. ನಿವೃತ್ತರಾದ ಮೇಲೂ ಬೆರಳಿಗೆ ಬಿಡುವಿರಲಿಲ್ಲ. ಹೊಸ ಲೋಟದ ಕಂಠ, ಬಾಗಿಲ ಚೌಕಟ್ಟು, ನಾನು ತಂದ ಪ್ಲಾಸ್ಟಿಕ್ ಬಕೆಟ್ಟು, ಯಾವುದಾದರೂ ಸರಿ, ಒಮ್ಮೆ ಸವರಿ ನೋಡಲೇಬೇಕು. ಪಿಂಚಣಿಗಾಗಿ ವರ್ಷಕ್ಕೊಮ್ಮೆ ಬದುಕಿದ್ದೇನೆಂದು ತೋರಿಸುವ ಯಂತ್ರ ಮಾತ್ರ ಆ ಹೆಬ್ಬೆಟ್ಟನ್ನು ಗುರುತಿಸುತ್ತಿರಲಿಲ್ಲ. ‘ನನ್ನೇ ರಿಜೆಕ್ಟ್ ಮಾಡ್ಬುಡ್ತು ಕಣಮ್ಮ’ ಎಂದು ನಗುತ್ತ ಬರುತ್ತಿದ್ದರು.

ರಾಮಕೃಷ್ಣನಗರದ ಅವರ ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿ ನಾನು ಆರು ವರ್ಷ ಇದ್ದೆ. ಕೋಣೆ ನೋಡಲು ಹೋದ ದಿನ ಅವರು ನನ್ನ ಜಾತಿ ಕೇಳಲಿಲ್ಲ, ರಾತ್ರಿ ಎಷ್ಟು ಗಂಟೆಗೆ ಬರುತ್ತೀಯೆಂದೂ ಕೇಳಲಿಲ್ಲ.

‘ಏನು ಓದ್ತೀಯಮ್ಮ?’

‘ಸಂಖ್ಯಾಶಾಸ್ತ್ರ. ಎಂ.ಎಸ್ಸಿ.’

‘ಅಂದ್ರೆ ಎಣಿಸೋದಾ, ಎಣಿಸಿದ್ದು ನಿಜಾನಾ ಅಂತ ನೋಡೋದಾ?’

ಎರಡನೆಯದು ಎಂದೆ. ‘ಹಂಗಾದ್ರೆ ನಮ್ಮ ಡಿಪಾರ್ಟ್‌ಮೆಂಟೇ’ ಎಂದು ಬೀಗದ ಕೈ ಕೊಟ್ಟರು. ಎಂ.ಎಸ್ಸಿ. ಮುಗಿದ ಮೇಲೂ ನಾನು ಆ ಕೋಣೆ ಬಿಡಲಿಲ್ಲ.

ನಾನು ಮಾತು ಕಡಿಮೆಯವಳು. ಅವರಿಗೆ ಅದರಿಂದ ತೊಂದರೆಯಿರಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ಮೆಟ್ಟಿಲ ಬುಡದಲ್ಲಿ ನಿಂತು ‘ಕಾಫಿ’ ಎಂದು ಒಂದು ಮಾತು ಕೂಗುತ್ತಿದ್ದರು. ನಾನು ಇಳಿದು ಹೋಗಿ ಕುಡಿದು ಬರುತ್ತಿದ್ದೆ. ಎಷ್ಟೋ ದಿನ ನಮ್ಮಿಬ್ಬರ ನಡುವೆ ಅಷ್ಟೇ ಮಾತು.

ಅವರು ಬಾಯಿ ತುಂಬ ಮಾತಾಡುತ್ತಿದ್ದದ್ದು ಫುಟ್‌ಬಾಲಿನ ಬಗ್ಗೆ. ಅವರ ಯಜಮಾನರು ಅದೇ ಕಾರ್ಖಾನೆಯಲ್ಲಿ ಲೇತ್ ಆಪರೇಟರ್. ಕಾರ್ಖಾನೆಯ ತಂಡದಲ್ಲಿ ಬ್ಯಾಕ್, ಅಂದರೆ ಗೋಲಿನ ಹತ್ತಿರ ನಿಂತು ಎದುರಾಳಿಯನ್ನು ತಡೆಯುವ ಆಟಗಾರ. ಭಾನುವಾರದ ಪಂದ್ಯಗಳಿಗೆ ಹೆಂಗಸರೂ ಹೋಗಿ ಗೆರೆಯಾಚೆ ನಿಲ್ಲುತ್ತಿದ್ದರಂತೆ. ‘ಎಲ್ರೂ ಚೆಂಡು ನೋಡೋರು. ನಾನು ನಮ್ಮನೆಯವ್ರನ್ನ ನೋಡೋಳು. ಹೊಸದಾಗಿ ಮದ್ವೆಯಾಗಿತ್ತಲ್ಲ, ಚೆಂಡು ಯಾರಿಗೆ ಬೇಕಿತ್ತು?’ ಹಾಗೆ ನೋಡುತ್ತ ನೋಡುತ್ತ, ಚೆಂಡು ಇನ್ನೊಂದು ತುದಿಯಲ್ಲಿರುವಾಗ ಒಳ್ಳೆಯ ಬ್ಯಾಕ್ ಏನು ಮಾಡುತ್ತಾನೆ ಎಂಬುದು ಅವರಿಗೆ ತಿಳಿದುಹೋಗಿತ್ತು. ಅವನು ಜಾಗ ಕಾಯುತ್ತಾನೆ. ಎದುರಾಳಿ ಬರುವ ಮೊದಲೇ ಆ ದಾರಿಯಲ್ಲಿ ನಿಂತಿರುತ್ತಾನೆ. ಆದ್ದರಿಂದ ಅವನು ಏನೂ ಮಾಡಿದಂತೆಯೇ ಕಾಣುವುದಿಲ್ಲ. ‘ಪೇಪರ್‌ನೋರು ಬಂದು ಗೋಲ್ ಹೊಡ್ದೋನ ಫೋಟೋ ತಕ್ಕೊಂಡು ಹೋಗೋರು. ಇವ್ರು ಷೂ ಬಿಚ್ಕೊಂಡು ಸುಮ್ನೆ ಸೈಕಲ್ ಹತ್ತೋರು.’

ಆ ಯಜಮಾನರನ್ನು ನಾನು ನೋಡಿಲ್ಲ. ನಾನು ಬರುವ ಹೊತ್ತಿಗೆ ಅವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆದರೆ ಅವರ ಬಗ್ಗೆ ಒಂದು ಕತೆ ಚೆನ್ನಾಗಿ ಗೊತ್ತು. ಒಮ್ಮೆ ಅವರ ಲೇತಿನಿಂದ ಬಂದ ಒಂದು ಟ್ರೇ ಮಾಲು ಅಮ್ಮನ ಮೇಜಿಗೆ ಬಂತು. ಅಂಚು ಸರಿಯಿರಲಿಲ್ಲ. ಅಮ್ಮ ಇಡೀ ಟ್ರೇಗೆ ಕೆಂಪು ಚೀಟಿ ಅಂಟಿಸಿ ವಾಪಸು ಕಳಿಸಿದರು. ಗಂಡ ಎಂಟು ದಿನ ಮಾತು ಬಿಟ್ಟರು. ‘ಸಾರಿಗೆ ಉಪ್ಪು ಬೇಕಂದ್ರೂ ಗೋಡೆನ ಕೇಳೋರು. ನಾನೂ ಗೋಡೆಗೇ ಕೊಡ್ತಿದ್ದೆ.’ ಒಂಬತ್ತನೆಯ ದಿನ ಸರಿಪಡಿಸಿದ ಟ್ರೇಯನ್ನು ಅವರೇ ಹೊತ್ತು ತಂದು, ಅಮ್ಮ ಒಂದೊಂದನ್ನೂ ಸವರಿ ನೋಡುವ ತನಕ ಕೈಕಟ್ಟಿ ನಿಂತಿದ್ದರಂತೆ. ‘ಮುಖ ನೋಡಿ ಪಾಸ್ ಮಾಡ್ಬಾರ್ದು’ ಎಂಬುದು ಅಮ್ಮನ ಜೀವನದ ಮಾತು. ಹೂ ಮಾರುವವಳ ಮೊಳಕ್ಕೂ, ಸ್ವಾಮಿಗಳ ಪ್ರವಚನಕ್ಕೂ ಅದನ್ನೇ ಹೇಳುತ್ತಿದ್ದರು.

ಶನಿವಾರ ಸಂಜೆ ಆರಕ್ಕೆ ಇಂಗ್ಲೆಂಡಿನ ಪಂದ್ಯ ಶುರುವಾಗುತ್ತಿತ್ತು. ಅಮ್ಮನ ಮನೆಯ ಹಾಲ್‌ನಲ್ಲಿ ದೊಡ್ಡ ಟೀವಿಯಿತ್ತು. ಎದುರುಮನೆಯ ಯುವಕನೊಬ್ಬ ಹೂಟಗಳ್ಳಿಯ ಕಾರ್ಖಾನೆಯಲ್ಲಿ ಮೊದಲ ಶಿಫ್ಟ್ ಮುಗಿಸಿ ಬರುತ್ತಿದ್ದ. ಮೂಲೆಯ ಮೊಬೈಲ್ ಅಂಗಡಿಯವನು ಶಟರ್ ಅರ್ಧ ಎಳೆದು ಬರುತ್ತಿದ್ದ. ಇಬ್ಬರೂ ಒಂದೇ ಕ್ಲಬ್ಬಿನ ಭಕ್ತರು. ಆ ಕ್ಲಬ್ಬಿನ ಸ್ಟಾರ್ ಡಿಫೆಂಡರ್ ಒಬ್ಬ ಕೆಂಪುಗಡ್ಡದ ಆಸಾಮಿ. ಇಬ್ಬರ ಪಾಲಿಗೂ ಅವನೇ ದೇವರು. ನಾನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಪುಸ್ತಕ ಹಿಡಿದು ಕೂತಿರುತ್ತಿದ್ದೆ. ಪುಟ ತಿರುಗುತ್ತಿರಲಿಲ್ಲ.

ಅವರೆಕಾಯಿಯ ಕಾಲದ ಒಂದು ಶನಿವಾರ. ಅಮ್ಮ ನೆನೆಸಿದ ಕಾಳನ್ನು ಮೊರದಲ್ಲಿ ಹಾಕಿಕೊಂಡು ಹಿದುಕುತ್ತಿದ್ದರು. ಅಂಗಡಿಯವನು ಮುಖ ಊದಿಸಿಕೊಂಡು ಬಂದ.

‘ಯಾಕೋ, ಗಿರಾಕಿ ಬೈದ್ರಾ?’

‘ಇಲ್ಲ ಅಜ್ಜಿ. ಯಾವನೋ ನಮ್ಮ ಬಾಸ್ ಕೆಂಪುಗಡ್ಡ ಓವರ್‌ರೇಟೆಡ್ ಅಂತ ಗ್ರೂಪಲ್ಲಿ ಹಾಕವ್ನೆ. ಬೆಳಿಗ್ಗೆಯಿಂದ ಫೋನಲ್ಲೇ ಕಿತ್ತಾಡ್ತಾ ಇವ್ನಿ.’

‘ಅಂಗಂದ್ರೆ?’

‘ಇರೋದಕ್ಕಿಂತ ಜಾಸ್ತಿ ಹೊಗಳಿಸ್ಕೊಂಡಿರೋನು ಅಂತ.’

‘ಸರಿಯಾಗೇ ಬರ್ದವ್ನೆ ಬುಡು’ ಎಂದರು ಅಮ್ಮ, ಕೈ ನಿಲ್ಲಿಸದೆ.

ಶಿಫ್ಟಿನವನು ಸೋಫಾದಿಂದ ಎದ್ದೇಬಿಟ್ಟ. ‘ಏನಜ್ಜಿ ಹಿಂಗಂತೀರಾ! ಹೋದ್ವಾರ ಆ ಟ್ಯಾಕಲ್ ನೋಡ್ಲಿಲ್ವಾ? ಜಾರ್ಕೊಂಡು ಬಂದು ಚೆಂಡು ಕಿತ್ಕೊಂಡ್ನಲ್ಲ!’

‘ಜಾರಿದ್ದು ನೋಡ್ದೆ. ಯಾಕೆ ಜಾರ್ಬೇಕಾಯ್ತು ಅದನ್ನೂ ನೋಡ್ದೆ. ಜಾಗದಲ್ಲಿ ನಿಂತಿದ್ರೆ ಚಡ್ಡಿ ಮಣ್ಣಾಗ್ತಿತ್ತೇನೋ? ನಿಮ್ಮ ಕೆಂಪುಗಡ್ಡ ಬಿಟ್ಟುಹೋದ ಜಾಗನ ಪಕ್ಕದೋನು ಓಡೋಡಿ ತುಂಬ್ತಾವ್ನೆ ಪಾಪ. ಅವನ ಹೆಸ್ರು ಹೇಳಿ ನೋಡಣ.’

ಇಬ್ಬರಿಗೂ ತಕ್ಷಣ ನೆನಪಾಗಲಿಲ್ಲ. ಅಮ್ಮ ಗೆದ್ದವರಂತೆ ನನ್ನ ಕಡೆ ನೋಡಿದರು.

ಪಂದ್ಯ ಶುರುವಾಗಲು ಹತ್ತು ನಿಮಿಷವಿತ್ತು. ಪಣ ನಿಂತಿತು. ಕೆಂಪುಗಡ್ಡದವನು ಎಷ್ಟು ಸಲ ಜಾಗ ಬಿಟ್ಟು ಹೋಗುತ್ತಾನೆಂದು ಎಣಿಸಬೇಕು. ಐದು ಸಲ ದಾಟಿ ಅಮ್ಮನ ಮಾತು ನಿಜವಾದರೆ ಹುಡುಗರಿಬ್ಬರೂ ನಾಲ್ಕು ಶನಿವಾರ ಅವರೆ ಹಿದುಕಬೇಕು. ಸುಳ್ಳಾದರೆ ಅಮ್ಮ ಎದ್ದು ನಿಂತು ತಪ್ಪಾಯಿತು ಎನ್ನಬೇಕು.

‘ಎಣಿಸೋರು ಯಾರು? ನೀವಾ?’ ಎಂದ ಅಂಗಡಿಯವನು.

‘ಇವ್ಳು. ಇವ್ಳಿಗೆ ನೀನೂ ಬೇಡ, ನಾನೂ ಬೇಡ. ನಂಬರ್ ಒಂದಿದ್ರೆ ಸಾಕು’ ಎಂದು ನನ್ನನ್ನು ತೋರಿಸಿದರು.

ಅದು ನಿಜವಲ್ಲವೆಂದು ನನಗೆ ಮಾತ್ರ ಗೊತ್ತಿತ್ತು. ನನಗೆ ಅವರು ಬೇಕಾಗಿದ್ದರು.

ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡು ಕೂತೆ. ತೊಂಬತ್ತು ನಿಮಿಷವೂ ಒಬ್ಬನನ್ನೇ ನೋಡಿದೆ. ಚೆಂಡನ್ನು ಬಿಟ್ಟು ಆಟ ನೋಡುವುದು ಮೊದಲು ಹಿಂಸೆಯೆನಿಸಿತು. ಆಮೇಲೆ ಮದುವೆಮನೆಯಲ್ಲಿ ಅಡಿಗೆಯವರನ್ನಷ್ಟೇ ನೋಡುತ್ತಿರುವ ಹಾಗೆ ಅನ್ನಿಸತೊಡಗಿತು. ಇಪ್ಪತ್ತನೆಯ ನಿಮಿಷದ ಸುಮಾರಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಅವನು ಮುಂದೆ ಹೋಗುವ ಮುನ್ನ ಎಡಗೈಯನ್ನು ಸೊಂಟದ ಮಟ್ಟಕ್ಕೆ ಚಾಚಿ ಬೆರಳು ತೋರಿಸುತ್ತಿದ್ದ. ಪಕ್ಕದವನು ಆ ಕೈ ನೋಡಿಯೇ ಜಾಗಕ್ಕೆ ಸರಿಯುತ್ತಿದ್ದ. ಹಾಳೆಯಲ್ಲಿ ಇನ್ನೊಂದು ಸಾಲು ಎಳೆದು ‘ಕೈ’ ಎಂದು ಬರೆದುಕೊಂಡೆ.

ಪಂದ್ಯ ಮುಗಿದಾಗ ಮೂವರೂ ನನ್ನ ಕಡೆ ತಿರುಗಿದರು. ನಾನು ಸರಿಯಾಗಿ ನೋಡಿ ಹೇಳುತ್ತೇನೆಂದೆ. ‘ಆಗ್ಲಿ, ಬೆಳಿಗ್ಗೆ ಹೇಳು. ಮಾಲು ಬಿಸಿಯಿದ್ದಾಗ ಅಳ್ದ್ರೆ ಅಳತೆ ತಪ್ತದೆ’ ಎಂದರು ಅಮ್ಮ.

ಲೆಕ್ಕ ಆಗಲೇ ಮುಗಿದಿತ್ತು. ಅವನು ಜಾಗ ಬಿಟ್ಟದ್ದು ಹನ್ನೊಂದು ಸಲ. ಅದರಲ್ಲಿ ಒಂಬತ್ತು ಸಲ ಕೈ ತೋರಿಸಿ, ಪಕ್ಕದವನನ್ನು ನಿಲ್ಲಿಸಿಯೇ ಹೋಗಿದ್ದ. ಅಮ್ಮ ಕೇಳಿದ್ದು ಎಷ್ಟು ಸಲ ಜಾಗ ಬಿಟ್ಟ ಎಂದಷ್ಟೇ. ಹನ್ನೊಂದು ಎಂದರೆ ಸಾಕಿತ್ತು. ಅದು ಸುಳ್ಳಲ್ಲ. ಅಮ್ಮ ಗೆಲ್ಲುತ್ತಿದ್ದರು. ಎರಡನೆಯ ಸಾಲು ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಅದನ್ನು ಅಳಿಸಲು ಒಂದು ರಬ್ಬರು ಸಾಕಾಗಿತ್ತು. ಎಪ್ಪತ್ತು ದಾಟಿದ ಒಬ್ಬಾಕೆ, ಗಂಡನನ್ನು ನೋಡುತ್ತ ಕಲಿತ ಒಂದು ವಿದ್ಯೆಯನ್ನು ಇಷ್ಟು ವರ್ಷ ಜೋಪಾನ ಮಾಡಿಕೊಂಡು ಬಂದವರು. ಒಂದು ಆಟದ ವಿಷಯಕ್ಕೆ ಅವರನ್ನು ನೋಯಿಸಬೇಕೆ? ಕೋಣೆಯಲ್ಲಿ ಕೂತು ಬಹಳ ಹೊತ್ತು ಇದನ್ನೇ ಯೋಚಿಸಿದೆ. ಕೆಂಪು ಚೀಟಿ ಅಂಟಿಸಿದ ಆ ಟ್ರೇಯ ಕತೆ ಗೊತ್ತಿಲ್ಲದಿದ್ದರೆ ಬಹುಶಃ ರಬ್ಬರು ಎತ್ತಿಕೊಳ್ಳುತ್ತಿದ್ದೆ.

ಬೆಳಿಗ್ಗೆ ಕಾಫಿಯ ಕೂಗು ಬಂದಾಗ ಹಾಳೆಯನ್ನು ಹಿಡಿದೇ ಇಳಿದೆ.

‘ಹನ್ನೊಂದು ಸಲ ಜಾಗ ಬಿಟ್ಟಿದ್ದಾನೆ’ ಎಂದೆ.

‘ನಾನು ಹೇಳ್ಲಿಲ್ವಾ!’

‘ಆದರೆ ನಿಮ್ಮ ತೀರ್ಪು ಸರಿಯಿಲ್ಲಮ್ಮ.’

ಕೈಯ ವಿಷಯ ಹೇಳಿ, ಎರಡನೆಯ ಸಾಲು ತೋರಿಸಿದೆ. ಅವರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಪಂದ್ಯವನ್ನು ಮತ್ತೆ ಹಾಕಲು ಹೇಳಿದರು. ನಾವಿಬ್ಬರೂ ಅರ್ಧ ಪಂದ್ಯ ನೋಡಿದೆವು. ಅವರ ಕಾಫಿ ಆರಿ ಕೆನೆ ಕಟ್ಟಿತು. ಮೂರನೆಯ ಸಲ ಆ ಕೈ ಕಂಡಾಗ ಟೀವಿ ನಿಲ್ಲಿಸು ಎಂದರು.

‘ಹೇಳಿ ಹೋಗ್ತಾವ್ನೆ ಕಣಮ್ಮ ಇವ್ನು. ಇಷ್ಟು ದಿನ ಈ ಕೈ ನನ್ನ ಕಣ್ಣಿಗೆ ಬೀಳ್ಲೇ ಇಲ್ವಲ್ಲ.’ ಕಾಫಿಯ ಕೆನೆಯನ್ನು ಬೆರಳಿನಿಂದ ಸರಿಸುತ್ತ ಹೇಳಿದರು: ‘ನಮ್ಮನೆಯವ್ರು ಕೈ ತೋರಿಸ್ತಿರ್ಲಿಲ್ಲ. ಅವ್ರು ಜಾಗ ಬಿಟ್ಟು ಹೋಗ್ತಾನೇ ಇರ್ಲಿಲ್ವಲ್ಲ. ಮುಖ ನೋಡಿ ಪಾಸ್ ಮಾಡ್ಬಾರ್ದು ಅಂತ ಊರಿಗೆಲ್ಲ ಹೇಳ್ದೆ. ಅವ್ರ ಮುಖ ಮನಸ್ಸಲ್ಲಿಟ್ಕೊಂಡು ಇವನ್ನ ಫೇಲ್ ಮಾಡ್ಬುಟ್ಟೆ ನೋಡು.’

ಆ ದಿನ ಅಮ್ಮ ಮತ್ತೆ ಮಾತಾಡಲಿಲ್ಲ. ಬೇರೆ ಕೋಣೆ ಹುಡುಕಬೇಕಾಗಬಹುದು ಎಂದುಕೊಂಡೆ. ಸಂಜೆ ಮೆಟ್ಟಿಲ ಮೇಲೆ ಮುಚ್ಚಿಟ್ಟ ಪಾತ್ರೆಯೊಂದಿತ್ತು: ಹಿದುಕಿದ ಬೇಳೆ ಸಾರು, ಇಬ್ಬರಿಗಾಗುವಷ್ಟು.

ಮುಂದಿನ ಶನಿವಾರ ಹುಡುಗರು ಬಂದು ಕೂರುವ ಮೊದಲೇ ಅಮ್ಮ ಎದ್ದು ನಿಂತರು. ಸೆರಗು ಸರಿಮಾಡಿಕೊಂಡು, ಕಾರ್ಖಾನೆಯ ಮ್ಯಾನೇಜರರ ಮುಂದೆ ನಿಂತವರ ಹಾಗೆ, ‘ತಪ್ಪಾಯ್ತು ಕಣ್ರಪ್ಪ. ನಾನು ನೋಡಿದ್ದೇ ತಪ್ಪು. ಅವ್ನು ಪಾಸ್’ ಎಂದರು.

ಅಂಗಡಿಯವನು ಸೋಫಾದ ಮೇಲೆ ಹತ್ತಿ ಕುಣಿದ. ಶಿಫ್ಟಿನವನು ಮುಜುಗರದಿಂದ ‘ಅಯ್ಯೋ, ಕೂತ್ಕೊಳಿ ಅಜ್ಜಿ’ ಎಂದ.

‘ಪಾಸ್ ಅಂದೆ. ಫಸ್ಟ್ ಕ್ಲಾಸ್ ಅನ್ಲಿಲ್ಲ. ಎರಡು ಸಲ ಹೇಳ್ದೆ ಹೋಗವ್ನೆ, ಇವ್ಳ ಹತ್ರ ಬರ್ದದೆ. ಇಳಿಯೋ ಕೆಳಗೆ, ಸೋಫಾ ಕಿತ್ತೋಗ್ತದೆ.’

ಪಣ ಗೆದ್ದ ಹುಡುಗರು ಆ ಸಂಜೆ ತಾವಾಗಿಯೇ ಕೈ ತೊಳೆದು ಬಂದು ಅವರೆ ಹಿದುಕಲು ಕೂತರು. ಅರ್ಧ ಕಾಳು ಸೋಫಾದ ಕೆಳಗೆ ಹೋಯಿತು.

ಅಮ್ಮ ಹೋದ ವರ್ಷ ತೀರಿಕೊಂಡರು. ಒಂದು ವಾರದ ಜ್ವರ, ಅಷ್ಟೆ. ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಹಾಲ್ ತುಂಬ ಜನ ಸೇರಿದ್ದರು. ಒಬ್ಬೊಬ್ಬರಾಗಿ ಎದ್ದು ನಾಲ್ಕು ಮಾತು ಹೇಳಿದರು. ಹಳೆಯ ಸಹೋದ್ಯೋಗಿಯೊಬ್ಬರು, ‘ಆಕೆ ಜೀವನದಲ್ಲಿ ಒಂದೂ ತಪ್ಪು ತೀರ್ಪು ಕೊಟ್ಟೋರಲ್ಲ’ ಎಂದರು. ಎಲ್ಲರೂ ತಲೆದೂಗಿದರು. ಹಾಸನದಿಂದ ಬಂದಿದ್ದ ಅಮ್ಮನ ಮಗಳು ನನ್ನ ಕಡೆ ತಿರುಗಿ, ‘ನೀವೂ ಎರಡು ಮಾತು ಹೇಳಿ. ಕೊನೇವರೆಗೂ ಜೊತೇಲಿದ್ದೋರು ನೀವೇ’ ಎಂದರು.

ಸಭೆಯಲ್ಲಿ ನಾನು ಎಂದೂ ಮಾತಾಡಿದವಳಲ್ಲ. ಎದ್ದು ನಿಂತೆ. ‘ಅಮ್ಮ ಒಂದು ತಪ್ಪು ತೀರ್ಪು ಕೊಟ್ಟಿದ್ದರು’ ಎಂದೆ. ತಲೆದೂಗುತ್ತಿದ್ದವರೆಲ್ಲ ನನ್ನ ಕಡೆ ತಿರುಗಿದರು. ಹಿಂದೆ ನಿಂತಿದ್ದ ಆ ಇಬ್ಬರು ಯುವಕರು ಮಾತ್ರ ತಲೆ ಎತ್ತಿ ನಕ್ಕರು. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಮುಗಿಸುವ ಹೊತ್ತಿಗೆ ಮಗಳು ನಗುತ್ತ ಅಳುತ್ತಿದ್ದರು.

ನಾನೆಂದರೆ ಇಷ್ಟವೆಂದು ಅಮ್ಮ ಎಂದೂ ಹೇಳಲಿಲ್ಲ. ಅವರು ನನಗೆ ಎಷ್ಟು ಬೇಕಾಗಿದ್ದರೆಂದು ನಾನೂ ಹೇಳಲಿಲ್ಲ. ಆರು ವರ್ಷದಲ್ಲಿ ಮನಸ್ಸು ಗಟ್ಟಿಮಾಡಿ ನಾನು ಅವರಿಗೆ ಹೇಳಿದ್ದು, ನಿಮ್ಮ ತೀರ್ಪು ಸರಿಯಿಲ್ಲ ಎಂಬ ಒಂದೇ ಮಾತು. ಅವರು ಅದನ್ನು ಪ್ರೀತಿಯೆಂದೇ ತೆಗೆದುಕೊಂಡರು. ಬೇರೆ ಯಾರ ಹತ್ತಿರವೂ ನನಗೆ ಇನ್ನೂ ಅಷ್ಟು ಧೈರ್ಯ ಬಂದಿಲ್ಲ.