ಹಂಸದ ಕತೆ ಯಾರದು

ನಾನು ಕೂತಲ್ಲೇ ಕೂತು ಬರೆಯುವವಳಲ್ಲ. ಅರಸೀಕೆರೆಯ ಹೈಸ್ಕೂಲೊಂದರಲ್ಲಿ ಇಪ್ಪತ್ತೇಳು ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದ ಮರುವಾರವೇ ಹೆಗಲಿಗೊಂದು ಚೀಲ ಹಾಕಿಕೊಂಡು ಬಸ್ಸು ಹತ್ತಿದವಳು. ಬರೆಯುವ ಮುಂಚೆ ಆ ಜಾಗದಲ್ಲಿ ಓಡಾಡಬೇಕು, ಅಲ್ಲಿಯ ಜನರ ಜೊತೆ ಕೂತು ಟೀ ಕುಡಿಯಬೇಕು. ಇಲ್ಲದಿದ್ದರೆ ನನಗೆ ಒಂದು ಸಾಲೂ ಬರುವುದಿಲ್ಲ. ಮೊದಲ ಎರಡು ಕಾದಂಬರಿಗಳನ್ನು ಹಾಗೆಯೇ ಬರೆದೆ. ಓದಿದವರು ಕಡಿಮೆ. ಮೂರನೆಯದರ ಮೇಲೆ ನನಗೆ ಆಸೆಯಿತ್ತು.

ಅದು ಹಳೇಬೀಡಿನ ಗುಡಿ ಕಟ್ಟುತ್ತಿದ್ದ ಕಾಲದ ಕತೆ. ಶಿಲ್ಪಿಗಳ ಬಗ್ಗೆ ಬರೆದವರು ಬಹಳ ಜನ. ನನಗೆ ಬೇಕಾಗಿದ್ದವರು ಅವರಿಗೆ ನೀರು ಹೊತ್ತ, ಕಲ್ಲಿನ ಪುಡಿ ಗುಡಿಸಿದ ಹೆಂಗಸರು. ಮೊದಲು ಹಾರನಹಳ್ಳಿಯ ಗುಡಿಗಳಲ್ಲಿ ಒಂದು ತಿಂಗಳು ಸುತ್ತಿದೆ, ಏನೂ ಹೊಳೆಯಲಿಲ್ಲ. ಆಮೇಲೆ ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ಬಸ್ಸು ಹಿಡಿಯತೊಡಗಿದೆ. ಅಲ್ಲಿ ಆ ಗೈಡು ಸಿಕ್ಕ.

ಅವನಿಗೆ ನಲವತ್ತು ದಾಟಿತ್ತು. ಊರಾಚೆ ಸ್ವಲ್ಪ ಜಮೀನು. ಬೆಳಿಗ್ಗೆ ಅಲ್ಲಿಯ ಕೆಲಸ ಮುಗಿಸಿ, ಸ್ನಾನ ಮಾಡಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು ಗುಡಿಯ ಗೇಟಿಗೆ ಬರುತ್ತಿದ್ದ. ತೀರಿಹೋದ ಅವನ ಅಪ್ಪನೂ ಅಲ್ಲೇ ಗೈಡಾಗಿದ್ದವರು. ನಾನು ಬರೆಯುವವಳೆಂದು ತಿಳಿದ ದಿನ ನನ್ನನ್ನು ಹಿಂಬದಿಯ ಗೋಡೆಗೆ ಕರೆದುಕೊಂಡು ಹೋದ. ಅಲ್ಲಿ ಪ್ರವಾಸಿಗಳು ನಿಲ್ಲದ ಒಂದು ಮೂಲೆಯಲ್ಲಿ ಹಂಸಗಳ ಸಾಲು ತೋರಿಸಿದ.

"ನೋಡಿ ಅಕ್ಕಾ. ಎಲ್ಲ ಮುಂದಕ್ಕೆ ನೋಡ್ತಾವೆ. ಇದೊಂದು ಕತ್ತು ಹಿಂದಕ್ಕೆ ತಿರುಗ್ಸೈತೆ."

"ಯಾಕೆ?"

"ಯಾರಿಗೂ ಗೊತ್ತಿಲ್ಲ ಕಣಕ್ಕ. ನಾನೂ ಎಷ್ಟೋ ಜನಾನ ಕೇಳಿದೀನಿ."

ಆ ರಾತ್ರಿಯಿಂದ ನಾನು ಬೇರೇನೂ ಯೋಚಿಸಲಿಲ್ಲ. ಶಿಲ್ಪಿಗಳ ಉಳಿಗಳನ್ನು ಮಸೆದುಕೊಡುವ ಒಬ್ಬ ಹೆಂಗಸಿನ ಪಾತ್ರ ಕಟ್ಟಿದೆ. ವರ್ಷಗಟ್ಟಲೆ ಉಳಿ ಮಸೆದು ಮಸೆದು ಅವಳ ಕೈಗೆ ಕಲ್ಲಿನ ಗುಟ್ಟು ತಿಳಿದಿದೆ. ಶಿಲ್ಪಿಯಾದ ಅವಳ ಗಂಡ ಜ್ವರದಲ್ಲಿ ಮಲಗಿದ ದಿನ, ಅವನ ಕೆಲಸ ನಿಂತಿತೆಂದು ಯಾರೂ ಅನ್ನಬಾರದೆಂದು, ಅವನು ಬಿಟ್ಟುಹೋದ ಸಾಲಿನಲ್ಲಿ ಅವಳೇ ಒಂದು ಹಂಸ ಕಡೆಯುತ್ತಾಳೆ. ಮಗು ಅಳುವುದು ಕೇಳಿಸುತ್ತಿರುತ್ತದೆ, ಅವಳ ಗಮನವೆಲ್ಲ ಹಿಂದಕ್ಕೆ. ಹಂಸದ ಕತ್ತೂ ಹಿಂದಕ್ಕೆ ತಿರುಗುತ್ತದೆ. ಆ ಅಧ್ಯಾಯವನ್ನು ಎಂಟು ಸಲ ತಿದ್ದಿದೆ. ಎಂಟನೆಯ ಪ್ರತಿಯನ್ನು ಗುಡಿಯ ಎದುರಿನ ಟೀ ಅಂಗಡಿಯಲ್ಲಿ ಕೂತು ಅವನಿಗೆ ಓದಿ ಹೇಳಿದೆ. ಅವನ ಕಣ್ಣು ತುಂಬಿತು. ಟೀ ಆರಿಹೋಯಿತು. ಬರೆದದ್ದಕ್ಕೆ ಅಂಥ ಮನ್ನಣೆ ನನಗೆ ಹಿಂದೆ ಸಿಕ್ಕಿರಲಿಲ್ಲ.

ಪುಸ್ತಕ ಅಚ್ಚಿಗೆ ಹೋಗುವಾಗ ಪ್ರಕಾಶಕರು ಬಿಡುಗಡೆಯನ್ನು ಬೇಲೂರಿನಲ್ಲೇ ಇಟ್ಟುಕೊಳ್ಳಿ ಎಂದರು. ಬೆಂಗಳೂರಿನಲ್ಲಿ ಇಟ್ಟರೆ ಭಾನುವಾರ ಯಾರೂ ಬರುವುದಿಲ್ಲವಂತೆ. ಅವರು ಬೆಂಗಳೂರಿನಲ್ಲೇ ಉಳಿದರು, ಓಡಾಟ ನನಗೆ ಬಂತು. ಅರಸೀಕೆರೆಯಿಂದ ಬೇಲೂರಿಗೆ ಒಂದು ತಿಂಗಳಲ್ಲಿ ಎಂಟು ಹತ್ತು ಸಲ ಹೋಗಿರಬೇಕು. ಸಮುದಾಯ ಭವನ ಗೊತ್ತುಮಾಡಿದ್ದು, ಮೈಕಿನವನನ್ನು ಹಿಡಿದದ್ದು, ಕಾಫಿ ಉಪ್ಪಿಟ್ಟಿಗೆ ಹೇಳಿದ್ದು ನಾನೇ. ಆಹ್ವಾನ ಪತ್ರಿಕೆಗಳ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತರೆ, ಪಕ್ಕದವರು ಮಗಳ ಮದುವೆಯಾ ಎಂದು ಕೇಳುತ್ತಿದ್ದರು. ಹೌದು ಅನ್ನುವುದೇ ಸುಲಭವಾಗಿತ್ತು.

ಒಂದು ಮಧ್ಯಾಹ್ನ ಅರಸೀಕೆರೆಯ ಬಸ್ ಸ್ಟ್ಯಾಂಡಿನಲ್ಲಿದ್ದಾಗ ಪ್ರಕಾಶಕರ ಫೋನು ಬಂತು.

"ಮೇಡಂ, ಪುಸ್ತಕದಲ್ಲಿ ಒಂದು ಪುಟ ಹೆಚ್ಚಾಗ್ತಿದೆ. ಅದೊಂದಕ್ಕೋಸ್ಕರ ಇನ್ನೊಂದು ಫಾರಂ, ಹದಿನಾರು ಪುಟದ ಕಾಗದ, ಹಾಕ್ಬೇಕಾಗುತ್ತೆ. ಕೃತಜ್ಞತೆ ಪುಟ ತೆಗೆದುಬಿಡೋಣ್ವಾ? ಅದನ್ನ ಯಾರೂ ಓದಲ್ಲ."

ಆ ಪುಟದಲ್ಲಿ ಇದ್ದದ್ದು ಒಂದೇ ಹೆಸರು, ಗೈಡಿನದು. ಬಸ್ಸು ಹೊರಡುವುದರಲ್ಲಿತ್ತು. ಕಂಡಕ್ಟರು ಕೂಗುತ್ತಿದ್ದ.

"ತೆಗೀರಿ," ಅಂದೆ.

ವೇದಿಕೆಯ ಮೇಲೆ ಕರೆದು ಶಾಲು ಹೊದಿಸಿದರಾಯಿತು, ಅವನಿಗೆ ಪುಟಕ್ಕಿಂತ ಅದೇ ಹೆಚ್ಚು ಸಂತೋಷ ಎಂದು ನನಗೆ ನಾನೇ ಹೇಳಿಕೊಂಡೆ. ಬಸ್ಸಿನಲ್ಲಿ ಸೀಟೂ ಸಿಕ್ಕಿತು.

ಅವನನ್ನು ಕರೆಯಲು ಹಳೇಬೀಡಿಗೆ ಹೋದ ದಿನ ಅವನು ಒಂದು ಕುಟುಂಬವನ್ನು ಸುತ್ತಾಡಿಸುತ್ತಿದ್ದ. ನಾನು ದೂರದಲ್ಲಿ ನಿಂತೆ. ಅವನು ಅವರನ್ನು ಹಿಂಬದಿಯ ಗೋಡೆಗೆ ಕರೆತಂದು ಹಂಸ ತೋರಿಸಿ, ಉಳಿ ಮಸೆಯುವ ಹೆಂಗಸಿನ ಕತೆ ಹೇಳತೊಡಗಿದ. ಗಂಡನ ಜ್ವರ, ಮಗುವಿನ ಅಳು, ಎಲ್ಲ ನನ್ನದೇ ಕ್ರಮದಲ್ಲಿ ಬಂತು. "ಹಿರೀಕರಿಂದ ಬಂದಿರೋ ಕತೆ ಸಾರ್ ಇದು," ಎಂದು ಮುಗಿಸಿದ. ಕುಟುಂಬದ ಯಜಮಾನಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಗಲೇ ಪಕ್ಕಕ್ಕೆ ಕರೆದು ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಖುಷಿಯಾಗಿತ್ತು. ಅಚ್ಚಾಗುವ ಮೊದಲೇ ನನ್ನ ಕತೆ ಊರಿನ ಕತೆಯಾಗಿತ್ತು. ಪತ್ರಿಕೆ ಕೊಟ್ಟು, "ತಪ್ಪದೆ ಬರಬೇಕು, ಹೆಂಡತೀನೂ ಕರ್ಕೊಂಡು ಬಾ," ಎಂದೆ.

"ಬತ್ತೀನಿ ಅಕ್ಕಾ. ಬರ್ದೆ ಇರ್ತೀನಾ?"

ಬಿಡುಗಡೆಯ ದಿನ ಭವನ ಅರ್ಧ ತುಂಬಿತ್ತು. ಮುಖ್ಯ ಅತಿಥಿಯಾಗಿ ಬಂದವರು ನಿವೃತ್ತ ಪ್ರಾಧ್ಯಾಪಕರು. ಅವರು ಒಳ್ಳೆಯ ಮಾತಾಡಿದರೆ ಪುಸ್ತಕ ನಾಲ್ಕು ಕಡೆ ತಲುಪುತ್ತದೆ ಎಂದು ಪ್ರಕಾಶಕರೇ ಒಪ್ಪಿಸಿದ್ದರು. ಪದ್ಧತಿಯಂತೆ ಲೇಖಕಿಯ ಮಾತು ಮೊದಲು ಮುಗಿಯಿತು. ಸ್ವಾಗತ ಭಾಷಣ ಉದ್ದವಾಗಿ ಹೊತ್ತಾಗಿದ್ದರಿಂದ, ಗೈಡಿನ ವಿಷಯವನ್ನು ಸನ್ಮಾನದ ಹೊತ್ತಿಗೆ ಇಟ್ಟುಕೊಂಡು ಬೇಗ ಕೂತೆ. ಅವನು ಎರಡನೆಯ ಸಾಲಿನಲ್ಲಿ ಹೆಂಡತಿಯ ಜೊತೆ ಕೂತಿದ್ದ. ಪ್ರಾಧ್ಯಾಪಕರು ಎದ್ದು ನಿಂತಾಗ ಅವನ ಮುಖ ಅರಳಿತು, ಕೈಯನ್ನು ಅರ್ಧ ಎತ್ತಿದ. ಯಾಕೆಂದು ನನಗೆ ಅರ್ಥವಾಗಲಿಲ್ಲ.

ಪ್ರಾಧ್ಯಾಪಕರು ಹತ್ತು ನಿಮಿಷ ಹೊಯ್ಸಳರ ಬಗ್ಗೆ ಮಾತಾಡಿದರು. ಆಮೇಲೆ ಪುಸ್ತಕವನ್ನು ಕೈಗೆತ್ತಿಕೊಂಡರು.

"ಈ ಕಾದಂಬರಿಯ ಜೀವ ಇರೋದು ಹಂಸದ ಪ್ರಸಂಗದಲ್ಲಿ. ಅದು ಲೇಖಕಿಯ ಕಲ್ಪನೆ ಅಂತ ನಾನು ಅಂದ್ಕೊಂಡಿದ್ದೆ. ಇವತ್ತು ಬೆಳಿಗ್ಗೆ ಹಳೇಬೀಡು ನೋಡ್ಕೊಂಡು ಬಂದೆ. ಅಲ್ಲಿ ಒಬ್ಬ ಗೈಡು ಇದೇ ಕತೆಯನ್ನ, ಇದಕ್ಕಿಂತ ಚೆನ್ನಾಗಿ, ನಂಗೆ ಹೇಳಿದ್ರು. ತಲೆಮಾರುಗಳಿಂದ ಬಂದ ಕತೆ ಅದು. ಜನರಿಂದ ತಗೊಳ್ಳೋದು ತಪ್ಪಲ್ಲ. ತಗೊಂಡೆ ಅಂತ ಹೇಳ್ಬೇಕು. ಪುಸ್ತಕದಲ್ಲಿ ಹುಡುಕಿದೆ. ಒಂದು ಸಾಲಿನ ಕೃತಜ್ಞತೆಯೂ ಇಲ್ಲ."

ಸಭೆಯಲ್ಲಿ ಕೆಲವರು ನನ್ನ ಮುಖ ನೋಡಿದರು, ಕೆಲವರು ನೋಡದ ಹಾಗೆ ಕಿಟಕಿಯ ಕಡೆ ತಿರುಗಿದರು. ಎದ್ದು ಮೈಕು ಹಿಡಿದು, ಅದನ್ನು ಕಟ್ಟಿದವಳು ನಾನು, ಅವನಿಗೆ ಹೇಳಿದವಳೂ ನಾನು ಎನ್ನಬಹುದಿತ್ತು. ಆದರೆ ಅದಕ್ಕೆ ನೂರು ಜನರ ಮುಂದೆ, ಪಕ್ಕದಲ್ಲಿ ಹೆಂಡತಿಯನ್ನು ಕೂರಿಸಿಕೊಂಡಿದ್ದ ಅವನನ್ನು ಸುಳ್ಳನನ್ನಾಗಿ ಮಾಡಬೇಕಾಗಿತ್ತು. ಅವನ ಹೆಸರಿನ ಪುಟ ಏನಾಯಿತೆಂದು ಯಾರಾದರೂ ಕೇಳಿದ್ದರೆ, ತೆಗೀರಿ ಅಂದವಳು ನಾನೇ ಎನ್ನಬೇಕಾಗುತ್ತಿತ್ತು. ಆ ದಿನಕ್ಕಷ್ಟೇ ಬೆಂಗಳೂರಿನಿಂದ ಬಂದಿದ್ದ ಪ್ರಕಾಶಕರು ಮೊಬೈಲು ನೋಡುತ್ತ ಕೂತಿದ್ದರು.

ಮುಂದಿನ ಕಾರ್ಯಕ್ರಮ ಸನ್ಮಾನ. ನಾನೇ ಬರೆಸಿದ್ದ ಪಟ್ಟಿ ನೋಡಿ ನಿರೂಪಕಿ ಗೈಡಿನ ಹೆಸರು ಕೂಗಿದಳು. ಅವನು ಮೇಲೆ ಬಂದ. ಪ್ರಾಧ್ಯಾಪಕರು "ಇವರೇ, ಇವರೇ," ಎನ್ನುತ್ತ ಚಪ್ಪಾಳೆ ಹೊಡೆಯಲು ಶುರುಮಾಡಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಅವನಿಗೆ ಶಾಲು ಹೊದಿಸಿದೆ, ಹಾರ ಹಾಕಿದೆ. ಕದ್ದವಳು ಸಭೆಯ ಮುಂದೆ ತಪ್ಪೊಪ್ಪಿಕೊಳ್ಳುತ್ತಿರುವ ಹಾಗೆ ಕಾಣಿಸಿರಬೇಕು. ಅವನು ಬಗ್ಗಿ ನನ್ನ ಕಿವಿಯಲ್ಲಿ ಹೇಳಿದ: "ಮೇಷ್ಟ್ರು ನನ್ನ ಬಗ್ಗೆ ಎಷ್ಟು ಒಳ್ಳೇದಾಗಿ ಹೇಳಿದ್ರಲ್ಲಕ್ಕ."

ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಎರಡು ದಿನದ ಮೇಲೆ ಪೇಪರಿನಲ್ಲಿ ನಾಲ್ಕು ಸಾಲು ಬಂತು. ಸ್ಥಳೀಯ ಗೈಡು ಹೇಳಿದ ಜನಪದ ಕತೆಯನ್ನು ಆಧರಿಸಿದ ಕಾದಂಬರಿ ಎಂದಿತ್ತು. ನನ್ನ ಜೊತೆ ಪಾಠ ಮಾಡುತ್ತಿದ್ದ ಒಬ್ಬಾಕೆ ಅರಸೀಕೆರೆಯ ಮಾರ್ಕೆಟ್ಟಿನಲ್ಲಿ ಸಿಕ್ಕು, "ಪಾಪ, ಅವನ ಹೆಸರು ಹಾಕಿದ್ರೆ ನಿಮಗೇನು ಹೋಗ್ತಿತ್ತು ಮೇಡಂ?" ಎಂದಳು. ನಾನು ತೆಂಗಿನಕಾಯಿ ಆರಿಸುತ್ತ, "ಹೌದು, ಹಾಕ್ಬೇಕಿತ್ತು," ಎಂದೆ.

ಒಂದೂವರೆ ತಿಂಗಳು ಬಿಟ್ಟು ಹಳೇಬೀಡಿಗೆ ಹೋದೆ. ಜಗಳಕ್ಕಲ್ಲ, ಅವನೊಬ್ಬನ ಬಾಯಿಂದಲಾದರೂ ನಿಜ ಕೇಳಬೇಕಿತ್ತು. ಅದೇ ಅಂಗಡಿಯಲ್ಲಿ ಟೀ ತರಿಸಿದ. ದುಡ್ಡು ಕೊಡಲು ಬಿಡಲಿಲ್ಲ.

"ಆ ಹಂಸದ ಕತೆ," ಎಂದು ಶುರುಮಾಡಿದೆ. "ಇಲ್ಲೇ ಕೂತು ನಿಂಗೆ ಓದಿ ಹೇಳಿದ್ದೆ. ನೆನಪಿದೆಯಾ?"

"ಐತೆ ಅಕ್ಕಾ. ಎಷ್ಟು ಚೆಂದಾಗಿ ಓದಿದ್ರಿ."

"ಅದಕ್ಕೆ ಮುಂಚೆ ನಿಂಗೆ ಆ ಕತೆ ಗೊತ್ತಿತ್ತಾ?"

ಅವನು ನಿಜವಾಗಿಯೂ ಯೋಚಿಸಿದ.

"ನಮ್ಮಪ್ಪ ಹೇಳ್ತಿದ್ರು ಕಣಕ್ಕ. ನೀವು ಓದ್ದಾಗ ಅದಕ್ಕೇ ಅಳು ಬಂತು ನಂಗೆ. ಅಪ್ಪನ ನೆನಪಾಯ್ತು."

ಅವನು ಸುಳ್ಳು ಹೇಳುತ್ತಿರಲಿಲ್ಲ. ಇಷ್ಟು ವರ್ಷ ಮಕ್ಕಳ ಮುಂದೆ ನಿಂತವಳಿಗೆ ಸುಳ್ಳು ಹೇಳುವ ಮುಖ ಗೊತ್ತಾಗುತ್ತದೆ. ನನ್ನ ಚೀಲದಲ್ಲಿ ತಿದ್ದಿದ ಎಂಟು ಪ್ರತಿಗಳಿದ್ದವು, ತೋರಿಸಲೆಂದೇ ತಂದಿದ್ದೆ. ತೀರಿಹೋದ ಅಪ್ಪನನ್ನು ಅವನಿಂದ ಕಿತ್ತುಕೊಳ್ಳಲು ಕೈ ಬರಲಿಲ್ಲ. ಅಷ್ಟು ದೊಡ್ಡತನ ನನ್ನಲ್ಲಿತ್ತು ಅನ್ನಲಾರೆ. ಟೀ ಮುಗಿಸಿ, "ಬರ್ತೀನಪ್ಪ," ಎಂದು ಎದ್ದೆ.

ಆಮೇಲೆ ಹಳೇಬೀಡಿಗೆ ಹೋಗಿಲ್ಲ. ಪುಸ್ತಕ ಎರಡನೆಯ ಮುದ್ರಣ ಕಾಣಲಿಲ್ಲ. ಈಗ ಇನ್ನೊಂದನ್ನು ಬರೆಯುತ್ತಿದ್ದೇನೆ, ಕೊಬ್ಬರಿ ಮಂಡಿಯ ಹೆಂಗಸರ ಬಗ್ಗೆ. ದಿನಾ ಬೆಳಿಗ್ಗೆ ಹೋಗಿ ಅವರ ನಡುವೆ ಕೂರುತ್ತೇನೆ. ಅವರು ತಮ್ಮ ಮನೆಯ ಕತೆಗಳನ್ನೆಲ್ಲ ಹೇಳುತ್ತಾರೆ, ನಗುತ್ತಾರೆ, ಎಲೆಯಡಿಕೆ ಕೊಡುತ್ತಾರೆ. ಒಬ್ಬಳು ಮೊನ್ನೆ, "ನೀವೇನು ಬರ್ದಿದೀರಾ, ನಮಗೂ ಒಂಚೂರು ಓದಿ ಹೇಳಿ ಅಮ್ಮಾ," ಎಂದಳು.

"ಇನ್ನೂ ಏನೂ ಬರೆದಿಲ್ಲ," ಎಂದೆ. ಅಷ್ಟು ಹೊತ್ತಿಗೆ ಇನ್ನೂರು ಪುಟ ಮುಗಿದಿತ್ತು.